ಒಂದು ದಿನದ ಹೆಚ್ಚು ಕಮ್ಮಿ

ನವೆಂಬರ್ ಬಂತೆಂದರೆ ನಮ್ಮ ಫಾತೋರ್ಡಾದಲ್ಲಿ ಮಾತು ಎರಡೇ. ಹುಡುಗರ ಬಾಯಲ್ಲಿ ಸ್ಟೇಡಿಯಂ, ಹಿರಿಯರ ಬಾಯಲ್ಲಿ ಪೆನ್ಶನ್. ಬದುಕಿದ್ದೇವೆ ಅಂತ ಸರ್ಕಾರಕ್ಕೆ ತಿಳಿಸೋ ತಿಂಗಳು ಇದೇ ಅಲ್ವಾ?

ಪಕ್ಕದ ಮನೆ ಕಾಕಾ ಗದಗಿನ ಕಡೆಯವರು. ನೈಋತ್ಯ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದವರು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಘಾಟಿಯಲ್ಲಿ ಸುತ್ತಿಗೆ, ಸ್ಪ್ಯಾನರ್ ಹೊತ್ತು ಹಳಿ ನೋಡ್ತಾ ನಡೆದಿದ್ದೇ ನಡೆದಿದ್ದು. ಅವರ ಹೆಬ್ಬೆರಳು ನೀವು ನೋಡಬೇಕು. ಗೆರೆಯೆಲ್ಲ ಸವೆದು ನುಣ್ಣಗಾಗಿದೆ. ಪೋಸ್ಟ್‌ಮನ್ ಮನೆಗೇ ಬಂದು 70 ರೂಪಾಯಿಗೆ ಜೀವಂತ ಪ್ರಮಾಣಪತ್ರ ಮಾಡಿಕೊಡ್ತಾರಲ್ಲ, ಅವರ ಯಂತ್ರಕ್ಕೆ ಕಾಕಾನ ಬೆರಳು ಹತ್ತಲೇ ಇಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾಯ್ತು, ಬೆರಳು ಬದಲಿಸಿದ್ದಾಯ್ತು. "ಗೆರಿ ಸವದಾವ್ರೀ, ಮನಷಾ ಸವದಿಲ್ಲ" ಅಂದರು ಕಾಕಾ. ಕೊನೆಗೆ ಮೊಬೈಲಿನ ಮುಂದೆ ಕೂತು ಕಣ್ಣು ಮಿಟುಕಿಸಿದ ಮೇಲೆ ಕೆಲಸ ಆಯ್ತು. 2014ರ ಜೀವನ್ ಪ್ರಮಾಣ್ ಅನ್ನೋ ಈ ಡಿಜಿಟಲ್ ಪ್ರಮಾಣಪತ್ರಕ್ಕೆ 2021ರಲ್ಲಿ ಈ ಮುಖ ಗುರುತಿಸೋ ಸೌಲಭ್ಯ ಸೇರಿಸಿದ್ದು ಎಂಥ ಉಪಕಾರ ಅಂತ ಕೈಕೆಲಸ ಮಾಡಿದವರನ್ನೇ ಕೇಳಬೇಕು.

ಅದಿರಲಿ. ಕಾಕಾನಿಗೆ ಹಳೇ ಪೆನ್ಶನ್, ಚಿಂತೆಯಿಲ್ಲ. ಅವರ ಮಗ 2004ರ ನಂತರ ರೈಲ್ವೆಗೆ ಸೇರಿದವನು, ಹಾಗಾಗಿ ಎನ್‌ಪಿಎಸ್, ಅಂದರೆ ಹೊಸ ಪೆನ್ಶನ್. ಈಗ ಯುಪಿಎಸ್ ಅನ್ನೋ ಏಕೀಕೃತ ಪಿಂಚಣಿ ಯೋಜನೆ ಬಂದಿದೆ. 25 ವರ್ಷ ದುಡಿದರೆ ಕೊನೆಯ 12 ತಿಂಗಳ ಮೂಲವೇತನದ ಸರಾಸರಿಯಲ್ಲಿ ಅರ್ಧ, 10 ವರ್ಷಕ್ಕೆ ಕನಿಷ್ಠ 10,000 ರೂಪಾಯಿ. ಆಯ್ಕೆಯ ಗಡುವು ಜೂನ್ ಅಂತ ಇದ್ದದ್ದು ಸೆಪ್ಟೆಂಬರಿಗೆ ಹೋಯ್ತು, ಆಮೇಲೆ 2025ರ ನವೆಂಬರ್ 30ಕ್ಕೆ ಹೋಯ್ತು. ಅಷ್ಟೂ ತಿಂಗಳು ಅಪ್ಪ ಮಗ ಊಟಕ್ಕೆ ಕೂತಾಗೆಲ್ಲ ಇದೇ ಲೆಕ್ಕ. ಕಾಕಿ ಸಾರು ಬಡಿಸ್ತಾ "ಮೊದಲ ಉಣ್ರಿ, ಆಮ್ಯಾಲ ಪೆನ್ಶನ್" ಅಂತ ಗದರಿಸಬೇಕಾಗಿತ್ತು.

ಹೊಸ ಪೆನ್ಶನ್ ಶುರುವಾದ ತಾರೀಖುಗಳ ಆಟ ನೋಡಿ. ಕೇಂದ್ರಕ್ಕೆ 2004ರ ಜನವರಿ 1, ಗೋವಾಕ್ಕೆ 2005ರ ಆಗಸ್ಟ್ 5, ಕರ್ನಾಟಕಕ್ಕೆ 2006ರ ಏಪ್ರಿಲ್ 1. ಹೀಗಾಗಿ 2006ರ ಫೆಬ್ರವರಿಯಲ್ಲಿ ಮಾಜಾಳಿಯ ಆಚೆ ಕಾರವಾರದಲ್ಲಿ ಸರ್ಕಾರಿ ಶಾಲೆಗೆ ಸೇರಿದ ಮೇಷ್ಟ್ರಿಗೆ ಹಳೇ ಪೆನ್ಶನ್. ಅದೇ ದಿನ ಈಚೆ ಕಾಣಕೋಣದಲ್ಲಿ ಸೇರಿದವರಿಗೆ ಹೊಸದು. ಅದೇ ಸಮುದ್ರ, ಅದೇ ಕೊಂಕಣಿ ಮಾತು, ಅದೇ ಸೀಮೆಸುಣ್ಣ. ನಡುವೆ ಒಂದು ಚೆಕ್‌ಪೋಸ್ಟ್. ಕರ್ನಾಟಕದಲ್ಲೇ ಇನ್ನೊಂದು ಗುಂಪು ಇತ್ತಲ್ಲ, ಅಧಿಸೂಚನೆ ಹೊರಟಿದ್ದು 2006ಕ್ಕೆ ಮೊದಲು, ನೇಮಕದ ಆದೇಶ ಕೈಗೆ ಬಂದಿದ್ದು ಆಮೇಲೆ. ಆ ಸುಮಾರು 13,000 ಜನಕ್ಕೆ 2024ರ ಜನವರಿಯಲ್ಲಿ ಹಳೇ ಪೆನ್ಶನ್ ಕೊಟ್ಟರು. ಕಡತ ನಿಧಾನ ಆದದ್ದಕ್ಕೆ ನೌಕರ ಯಾಕೆ ಮುದಿತನದಲ್ಲಿ ದಂಡ ಕಟ್ಟಬೇಕು ಹೇಳಿ?

ತಾರೀಖು ಅಂದಾಗ ನೆನಪಾಯ್ತು. ನಮ್ಮೂರಿನ ಶಾಲೆಯ ದಾಖಲಾತಿ ಪುಸ್ತಕ ತೆಗೆದು ನೋಡಿದರೆ ಅರ್ಧ ಊರು ಜೂನ್ 1ಕ್ಕೆ ಹುಟ್ಟಿದ್ದು! ಅಮ್ಮಂದಿರು "ದೊಡ್ಡ ಮಳೆ ಬಂದ ವರ್ಷ, ಕಾರಹುಣ್ಣಿಮೆಯ ಹಿಂದುಮುಂದು" ಅಂತಿದ್ದರು. ಹೆಡ್ಮಾಸ್ತರರು ಮಗುವಿನ ಕೈಯನ್ನು ತಲೆ ಮೇಲಿಂದ ಹಾಯಿಸಿ ಕಿವಿ ಮುಟ್ಟುತ್ತದಾ ನೋಡಿ, ಜೂನ್ 1 ಅಂತ ಬರೆದುಬಿಡುತ್ತಿದ್ದರು. ಒಂದನೇ ತಾರೀಖಿಗೆ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕು ಅನ್ನೋದು ನಿಯಮ. ಹಾಗಾಗಿ ಮೇ 31 ಅಂದರೆ ನಮ್ಮ ಕಡೆಯ ಕಚೇರಿಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿಗಳ ಹಬ್ಬ. ಐವತ್ತು ವರ್ಷದ ಹಿಂದೆ ಗೀಚಿದ ಒಂದು ಸಾಲು ಎಷ್ಟು ದೂರ ಬಂತು ನೋಡಿ.

ಆ ಒಂದು ದಿನಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋದದ್ದೂ ನಮ್ಮ ಕರ್ನಾಟಕದ ಕೇಸೇ. ವರ್ಷವಿಡೀ ದುಡಿದು ಇನ್‌ಕ್ರಿಮೆಂಟ್ ಗಳಿಸಿದ್ದಾಯ್ತು, ಅದು ಕೈಗೆ ಬರೋ ದಿನಕ್ಕೆ ಒಂದು ದಿನ ಮೊದಲು ನಿವೃತ್ತಿ. ಹಾಗಾದರೆ ಅದು ದಕ್ಕುತ್ತಾ, ಇಲ್ವಾ? ಕೆಪಿಟಿಸಿಎಲ್ ವಿರುದ್ಧ ಸಿ.ಪಿ. ಮುಂದಿನಮನಿ ಅನ್ನೋ ಆ ಪ್ರಕರಣದಲ್ಲಿ 2023ರ ಏಪ್ರಿಲ್ 11ಕ್ಕೆ ಕೋರ್ಟು ದಕ್ಕುತ್ತದೆ ಅಂದಿತು. ಹಿಂದಿನ ವರ್ಷದ ಒಳ್ಳೆಯ ಸೇವೆಗೆ ಸಿಗೋ ಇನ್‌ಕ್ರಿಮೆಂಟ್ ಅದು. ಮರುದಿನ ನೌಕರಿಯಲ್ಲಿ ಇಲ್ಲ ಅಂತ ಕಿತ್ಕೊಳ್ಳೋ ಹಾಗಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರವೂ ಆದೇಶ ಹೊರಡಿಸಿತು: ಜೂನ್ 30, ಡಿಸೆಂಬರ್ 31ಕ್ಕೆ ನಿವೃತ್ತರಾದವರಿಗೆ ಪೆನ್ಶನ್ ಲೆಕ್ಕದಲ್ಲಿ ಆ ಇನ್‌ಕ್ರಿಮೆಂಟ್ ಸೇರಿಸಬೇಕು ಅಂತ. ಮೊತ್ತ ದೊಡ್ಡದೇನಲ್ಲ. ಆದರೂ ಗಳಿಸಿದ್ದು ಗಳಿಸಿದ್ದೇ ಅಲ್ವಾ?

ಇನ್ನೊಂದು ಸ್ವಾರಸ್ಯ ಕೇಳಿ. ಕೇಂದ್ರದ ನಿಯಮದಲ್ಲಿ 80 ತುಂಬಿದರೆ ಮೂಲ ಪೆನ್ಶನ್‌ಗೆ ಶೇ. 20 ಹೆಚ್ಚುವರಿ, 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50. ನೂರು ತುಂಬಿತೋ, ದುಪ್ಪಟ್ಟು! ಅದೂ ಹುಟ್ಟಿದ ತಾರೀಖು ತಿಂಗಳ ಯಾವ ದಿನವೇ ಇರಲಿ, ಆ ತಿಂಗಳ ಒಂದನೇ ತಾರೀಖಿನಿಂದಲೇ ಲೆಕ್ಕ. ಕಾಕಿಗೆ ಇದನ್ನು ಹೇಳಿದಾಗಿನಿಂದ ಕಾಕಾನ ಬೀಡಿಗೆ ಕತ್ತರಿ ಬಿದ್ದಿದೆ. "ನೂರ ಮುಟ್ಟಬೇಕ್ರೀ ಇವರು" ಅಂತಾರೆ.

ಗೋವಾದಲ್ಲಿ ಪೆನ್ಶನ್ ಕಥೆಗೆ ಇನ್ನೊಂದು ಹಳೇ ಎಳೆಯಿದೆ. 1961ರ ಡಿಸೆಂಬರ್ 19ಕ್ಕೆ ಪೋರ್ಚುಗೀಸರು ಹೋದರು, ಅವರ ಕಚೇರಿಗಳಲ್ಲಿದ್ದ ಗುಮಾಸ್ತರು ಇಲ್ಲೇ ಉಳಿದರು. ಅವರ ಸೇವೆಯ ಷರತ್ತುಗಳನ್ನು ಹೊಂದಿಸೋದಕ್ಕೇ 1965ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಬೇಕಾಯ್ತು, ಗೋವಾ, ದಮನ್ ಮತ್ತು ದಿಯು ವಿಲೀನ ನೌಕರರ ಕಾಯ್ದೆ. ಧ್ವಜ ಬದಲಾದರೂ ದುಡಿದವರ ಲೆಕ್ಕ ಬಿಡೋ ಹಾಗಿಲ್ಲ ಅನ್ನೋ ತಿಳಿವಳಿಕೆ ಆಗಲೂ ಇತ್ತು.

ಎದುರು ಮನೆಯ ಬಾಬ್ ಕದಂಬ ಬಸ್ಸಿನ ಚಾಲಕರಾಗಿದ್ದವರು. ಕದಂಬ ರಾಜರ ಹೆಸರು ಹೊತ್ತ ಬಸ್ಸು ಅಂತ ನಮಗೆ ಅದರ ಮೇಲೆ ಕೊಂಚ ಹೆಚ್ಚೇ ಅಭಿಮಾನ. ಅವರದು ನಿಗಮದ ನೌಕರಿ, ಪಿಎಫ್ ಪೆನ್ಶನ್. ಅಲ್ಲಿ 2014ರ ಸೆಪ್ಟೆಂಬರಿನಿಂದ ಕನಿಷ್ಠ 1,000 ರೂಪಾಯಿ ಅಂತ ಮಾಡಿದ್ದು ಅಲ್ಲೇ ನಿಂತಿದೆ. ಮಡಗಾಂವ್ ಮಾರ್ಕೆಟ್ಟಿಗೆ ಒಮ್ಮೆ ಚೀಲ ಹಿಡಿದು ಹೋಗಿ ಬಂದರೆ ಅದರಲ್ಲಿ ಎಷ್ಟು ಉಳಿಯುತ್ತೆ? ಇದು ಹೆಚ್ಚಲೇಬೇಕು. ಆದರೆ ಆ ಯೋಜನೆಯಲ್ಲೂ ಒಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ: ಸೇವೆಯಲ್ಲಿರುವಾಗ ಶಾಶ್ವತವಾಗಿ, ಪೂರ್ತಿ ದುಡಿಯಲಾಗದ ಸ್ಥಿತಿ ಬಂದರೆ ಹತ್ತು ವರ್ಷ ಕಾಯಬೇಕಿಲ್ಲ, ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಪೆನ್ಶನ್‌ಗೆ ಹಕ್ಕಿದೆ.

ನನಗೆ ನಿಜವಾಗಿ ಹೇಳಬೇಕಾಗಿದ್ದು ಇದೇ. ವಯಸ್ಸಾಗಿ ನಿವೃತ್ತಿ ಆಗೋದು ಎಲ್ಲರಿಗೂ ಗೊತ್ತು, ತಯಾರಿಯೂ ಇರುತ್ತೆ. ಕೈಯೋ ಕಾಲೋ ಕಣ್ಣೋ ನಡುದಾರಿಯಲ್ಲಿ ಕೈಕೊಟ್ಟರೆ ಮನೆಯವರಿಗೆ ಮೊದಲು ತೋಚೋದು "ನೌಕರಿ ಹೋಯ್ತು" ಅಂತ. ಹೋಗಲ್ಲ! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಸರ್ಕಾರಿ ಸಂಸ್ಥೆ ಅಂಥವರನ್ನು ತೆಗೆಯೋ ಹಾಗಿಲ್ಲ, ದರ್ಜೆ ಇಳಿಸೋ ಹಾಗಿಲ್ಲ. ಅದೇ ಸಂಬಳಕ್ಕೆ ಬೇರೆ ಕೆಲಸ ಕೊಡಬೇಕು. ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಕೂರಿಸಬೇಕು. 1995ರ ಕಾಯ್ದೆಯಲ್ಲೂ ಇದಿತ್ತು. ಕರ್ತವ್ಯದಲ್ಲಿ ಪೆಟ್ಟಾಗಿ ಕಾಲು ಕಳೆದುಕೊಂಡ ಕುನಾಲ್ ಸಿಂಗ್ ಅನ್ನೋ ಕಾನ್‌ಸ್ಟೇಬಲ್‌ರನ್ನು ಮನೆಗೆ ಕಳಿಸಿದಾಗ, ಪೆನ್ಶನ್ ಕೊಟ್ಟಿದ್ದೇವೆ ಅನ್ನೋ ನೆಪ ನಡೆಯಲ್ಲ, ಕೆಲಸವನ್ನೇ ಕೊಡಿ ಅಂತ 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ರೈಲ್ವೆಯವರಿಗೆ ಇದು ಹೊಸದಲ್ಲ. ಕಣ್ಣು ಮಂಜಾದ ಡ್ರೈವರ್ "ಮೆಡಿಕಲ್ ಡಿಕ್ಯಾಟ್" ಆಗಿ ಆಫೀಸಿನಲ್ಲಿ ಕೂತದ್ದನ್ನು ಕಾಕಾ ಎಷ್ಟು ಸಲ ಹೇಳಿದ್ದಾರೋ. ಎಂಜಿನ್ ಸದ್ದು ಕೇಳಿದರೆ ಸಾಕು, ಪೆನ್ನು ಕೆಳಗಿಟ್ಟು ಕಿಟಕಿಯ ಹತ್ತಿರ ಬರ್ತಿದ್ದರಂತೆ.

ಹಿಂದೆ ಹತ್ತು ವರ್ಷ ತುಂಬದೆ ಅಶಕ್ತರಾಗಿ ಹೊರಬಿದ್ದವರಿಗೆ ಗ್ರಾಚುಟಿ ಮಾತ್ರ. 2019ರ ಜನವರಿಯ ತಿದ್ದುಪಡಿಯಿಂದ ಕೇಂದ್ರದಲ್ಲಿ ಅವರಿಗೂ ಪೆನ್ಶನ್. 2021ರ ನಿಯಮಗಳಲ್ಲಿ ಎನ್‌ಪಿಎಸ್‌ನವರಿಗೂ ದಾರಿಯಿದೆ: ಸೇವೆಯಲ್ಲೇ ಸಾವು ಅಥವಾ ಅಂಗವೈಕಲ್ಯ ಬಂದರೆ ಹಳೇ ಪದ್ಧತಿಯ ಸೌಲಭ್ಯ ಬೇಕೆಂದು ಮೊದಲೇ ಬರೆದುಕೊಡಬಹುದು. ಆ ಫಾರಂ ತುಂಬಿಸಿದ್ದೀಯಾ ಅಂತ ಕಾಕಾನ ಮಗನನ್ನು ಕೇಳಿದೆ. ಯುಪಿಎಸ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡ ಹುಡುಗ ಅದರ ಹೆಸರೇ ಕೇಳಿರಲಿಲ್ಲ.

ಇನ್ನು, ದುಡಿಯಲಾಗದ ಅಂಗವಿಕಲ ಮಗುವಿಗೆ ಅಪ್ಪ ಅಮ್ಮನ ನಂತರ ಜೀವನಪೂರ್ತಿ ಕುಟುಂಬ ಪಿಂಚಣಿ ಇದೆ. ಮಗುವಿನ ಆದಾಯ ಮಿತಿ ಮೊದಲು 9,000 ರೂಪಾಯಿ ಮತ್ತು ತುಟ್ಟಿಭತ್ಯೆ ಇತ್ತು. 2021ರ ಫೆಬ್ರವರಿಯಲ್ಲಿ ಕುಟುಂಬ ಪಿಂಚಣಿಯ ಮೊತ್ತದಷ್ಟಕ್ಕೇ ಏರಿಸಿದರು. ತಂದೆತಾಯಿ ಬದುಕಿದ್ದಾಗಲೇ ಪಿಪಿಒದಲ್ಲಿ, ಅಂದರೆ ಪಿಂಚಣಿ ಪಾವತಿ ಆದೇಶದಲ್ಲಿ, ಮಗುವಿನ ಹೆಸರು ಸೇರಿಸಿಡಬಹುದು.

ಒಂದು ಆತಂಕವೂ ಇದೆ. ಪೆನ್ಶನ್ ಭಿಕ್ಷೆಯಲ್ಲ, ದುಡಿದವರ ಹಕ್ಕು ಅಂತ ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1982ರ ಡಿಸೆಂಬರ್ 17ಕ್ಕೆ. ಅದಕ್ಕೇ ಆ ದಿನ ಪಿಂಚಣಿದಾರರ ದಿನ. ಆದರೆ 2025ರ ಹಣಕಾಸು ಕಾಯ್ದೆಯೊಳಗೆ, ನಿವೃತ್ತಿಯ ತಾರೀಖಿನ ಮೇಲೆ ಪಿಂಚಣಿದಾರರಲ್ಲಿ ಭೇದ ಮಾಡೋ ಅಧಿಕಾರ ಸರ್ಕಾರಕ್ಕಿದೆ ಅಂತ ಸೇರಿಸಿದ್ದಾರೆ. ಈಗಿನ ಪೆನ್ಶನ್ ಏನೂ ಬದಲಾಗಲ್ಲ ಅಂತ ಹಣಕಾಸು ಸಚಿವೆ ರಾಜ್ಯಸಭೆಯಲ್ಲಿ ಹೇಳಿದರೂ ಹಿರಿಯರಿಗೆ ಸಮಾಧಾನ ಆಗಿಲ್ಲ, ನನಗೂ ಆಗಿಲ್ಲ. ಒಂದೇ ಹಳಿ ಕಾಯ್ದ ಇಬ್ಬರನ್ನು ಕ್ಯಾಲೆಂಡರ್ ನೋಡಿ ಬೇರೆ ಮಾಡೋದು ನ್ಯಾಯ ಅಲ್ಲ.

ಬಿಸಿಲೇರ್ತಿದೆ, ಮಾತು ಉದ್ದ ಆಯ್ತು. ನಿಮ್ಮ ತಮ್ಮ ಪೋಸ್ಟ್ ಆಫೀಸಿನಲ್ಲಿ ಇದ್ದಾನಲ್ವಾ? ಸಾವು, ಅಂಗವೈಕಲ್ಯಕ್ಕೆ ಹಳೇ ಸೌಲಭ್ಯ ಕೇಳೋ ಆ ಆಯ್ಕೆ ಫಾರಂ ಕೊಟ್ಟಿದ್ದಾನಾ ಕೇಳಿ. ಇಲ್ಲ ಅಂದರೆ ಸೋಮವಾರವೇ ಕೊಡೋಕೆ ಹೇಳಿ, ರಸೀದಿ ಮರೆಯೋದು ಬೇಡ.