ಘಾಟಿ ಲೆಕ್ಕದ ರೇಸ್ ಪಟ್ಟಿ

ಕಾರ್ ರೇಸಿನ ಚಾಲಕರಿಗೆ ಸಂಪಾಜೆಯಲ್ಲಿ ಸ್ಥಾನ ಸಿಗುವುದು ಘಾಟಿಯ ಲೆಕ್ಕದಲ್ಲಿ. ಪಟ್ಟಿ ಬರೆಯುವವನು ಅಳಿಯ, ತಿದ್ದುವವರು ಮಾವ. ಸ್ಥಳ ಹೆದ್ದಾರಿ ಬದಿಯ ಹೋಟೆಲು.

"ಒಂದನೇದು ಶುಮಾಕರ್, ಮಾವ. ಏಳು ಸಲ ವಿಶ್ವ ಚಾಂಪಿಯನ್."

"ಎದುರಿಂದ ಲಾರಿ ಬರ್ತಿತ್ತಾ?"

"ಅಲ್ಲಿ ಎಲ್ಲರೂ ಹೋಗುವುದು ಒಂದೇ ದಿಕ್ಕಿಗೆ."

"ಹಾಗಾದರೆ ನಾಲ್ಕನೇದು ಬರಿ ಮಾರಾಯ."

ಹ್ಯಾಮಿಲ್ಟನ್‌ಗೂ ಪ್ರಶಸ್ತಿ ಏಳೇ; ಆದ್ದರಿಂದ ಅದೇ ನ್ಯಾಯ. 2005ರಲ್ಲಿ ಫಾರ್ಮುಲಾ ಒನ್‌ಗೆ ಇಳಿದ ಮೊದಲ ಭಾರತೀಯ ನರೈನ್ ಕಾರ್ತಿಕೇಯನ್ ಕೊಯಮತ್ತೂರಿನವರು. ಊಟಿ ಘಾಟಿ ಹತ್ತಿರಬಹುದು ಎಂಬ ಒಂದೇ ಕಾರಣಕ್ಕೆ ಅವರಿಗೆ ಮೂರನೇ ಸ್ಥಾನ.

ಜಗಳವೆಲ್ಲ ಎರಡನೆಯದಕ್ಕೆ. ಗೌರವ್ ಗಿಲ್ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್ ಆದದ್ದು 2013, 2016, 2017ರಲ್ಲಿ. 2019ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು. ದೇಶದೊಳಗಿನ ರ‍್ಯಾಲಿಗಳಲ್ಲಿ ಅವರ ಪಕ್ಕ ಕೂತು ತಿರುವು ಓದಿ ಹೇಳಿದವರು ಕಾಸರಗೋಡು ಕಡೆಯ ಮೂಸಾ ಶರೀಫ್.

"ಮಾರ್ಕು ಪಕ್ಕದ ಸೀಟಿಗೆ ಹಾಕು. ನಿನ್ನ ಅತ್ತೆ ಹೇಳದೆ ನಾನು ಮಡಿಕೇರಿ ಮುಟ್ಟಿದ್ದುಂಟಾ?"

ಒಂದನೇ ಸ್ಥಾನಕ್ಕೆ ಚುನಾವಣೆಯೇ ಇಲ್ಲ. ಅದು ಮಂಗಳೂರು–ಮಡಿಕೇರಿ ಬಸ್ಸಿನ ಡ್ರೈವರನದು: ಆಟಿಯ ಮಳೆ, ಗಾಜಿಗೆ ಮಂಜು, ಎಡಕ್ಕೆ ಕಂದಕ, ಬೆನ್ನ ಹಿಂದೆ ವಾಂತಿಗೆ ಕಿಟಕಿ ಹುಡುಕುವ ಪ್ರಯಾಣಿಕರು. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ರಸ್ತೆಯೇ ಮುಚ್ಚಿದಾಗ ಮಾತ್ರ ಆತ ನಿಂತದ್ದು.

"ಅವರಿಗೆ ಟ್ರೋಫಿ, ಮಾವ?"

"ಮಡಿಕೇರಿಯಲ್ಲಿ ಹತ್ತು ನಿಮಿಷ, ಟೀ ಕುಡಿಯಲಿಕ್ಕೆ."