ಅಮೆರಿಕದ ರೇಟು, ಗುಡೇಮಾರನಹಳ್ಳಿಯ ಮೆದೆ

ನಮ್ಮ ಕಡೆ ಮನುಷ್ಯ ಊರು ಬಿಟ್ಟು ಹೊರಟರೆ ಅದಕ್ಕೊಂದು ಕಾರಣ ಇರಲೇಬೇಕು. ಮದುವೆ, ತಿಥಿ, ಬೀಗರ ಔತಣ, ದೇವರ ಹರಕೆ, ಕೋರ್ಟಿನ ವಾಯಿದೆ, ಇವಿಷ್ಟು ಸರ್ವಮಾನ್ಯ. ಈಚೆಗೆ ವೀಕೆಂಡ್ ಎಂಬುದೂ ಈ ಪಟ್ಟಿಗೆ ಸೇರಿದೆ. ಆದರೆ ವೀಕೆಂಡಿಗೆ ಹೊರಟವನು ನಂದಿಬೆಟ್ಟಕ್ಕೋ ಸಾವನದುರ್ಗಕ್ಕೋ ಹೋಗಬೇಕು, ಅಲ್ಲಿ ಫೋಟೊ ತೆಗೆಯಲು ಏನಾದರೂ ಇರಬೇಕು. ನೆಂಟರೂ ಇಲ್ಲದ, ದೇವಸ್ಥಾನವೂ ಇಲ್ಲದ, ಮಸಾಲೆದೋಸೆಗೂ ಹೆಸರಾಗದ ಜಾಗಕ್ಕೆ ಸೈಕಲ್ ತುಳಿದುಕೊಂಡು ಹೋಗಿಬರುತ್ತೇನೆ ಎಂದು ನೋಡಿ, ಮನೆಯವರು ಮೊದಲು ನಿಮ್ಮ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡುತ್ತಾರೆ.

ಈ ಹುಚ್ಚಿನ ಮೂಲಪುರುಷ ರ‍್ಯಾಂಡಲ್ ಮನ್ರೋ ಎಂಬ ಅಮೆರಿಕದ ವ್ಯಂಗ್ಯಚಿತ್ರಕಾರ. ಕಡ್ಡಿಯಂಥ ಮನುಷ್ಯರನ್ನು ಬರೆದೇ ಹೆಸರು ಮಾಡಿದವನು. 2008ರ ಮೇ ತಿಂಗಳಲ್ಲಿ ಆತ ತನ್ನ ಎಕ್ಸ್‌ಕೆಸಿಡಿ ಮಾಲಿಕೆಯಲ್ಲಿ ಒಂದು ಚಿತ್ರ ಬರೆದು, ದಿನಕ್ಕೊಂದು ಜಾಗವನ್ನು ಯಾರ ಇಷ್ಟಾನಿಷ್ಟಕ್ಕೂ ಸಿಗದಂತೆ ಆರಿಸುವ ವಿಧಾನ ಹೇಳಿಕೊಟ್ಟ. ಜಿಯೋಹ್ಯಾಶಿಂಗ್ ಎಂದು ಅದರ ಹೆಸರು. ಆ ದಿನದ ತಾರೀಕು ಬರೆಯಿರಿ, ಅದರ ಮುಂದೆ ನ್ಯೂಯಾರ್ಕಿನ ಷೇರುಪೇಟೆ ಬಾಗಿಲು ತೆರೆದಾಗಿನ ಡೌ ಜೋನ್ಸ್ ಸೂಚ್ಯಂಕ ಬರೆಯಿರಿ, ಎರಡನ್ನೂ ಎಂಡಿ5 ಎಂಬ ಗಣಿತದ ಮಿಕ್ಸಿಗೆ ಹಾಕಿ ತಿರುಗಿಸಿ. ಒಳಗೆ ಹಾಕಿದ್ದು ಕಾಯಿಯೋ ಕಡಲೆಯೋ ಗುರುತೇ ಸಿಗದಂತೆ ಮೂವತ್ತೆರಡು ಅಕ್ಷರಗಳ ಚಟ್ನಿ ಬರುತ್ತದೆ. ಮೊದಲರ್ಧ ಅಕ್ಷಾಂಶದ ದಶಾಂಶ, ಎರಡನೆಯರ್ಧ ರೇಖಾಂಶದ ದಶಾಂಶ. ನೀವಿರುವ ಡಿಗ್ರಿಯ ಹಿಂದೆ ಅವನ್ನು ಅಂಟಿಸಿದರೆ ಆ ದಿನದ ಬಿಂದು ಸಿದ್ಧ. ಶನಿವಾರ ಸಂಜೆ ನಾಲ್ಕಕ್ಕೆ ಅಲ್ಲಿ ಸೇರಿ ಎಂಬುದು ಮನ್ರೋನ ಸಲಹೆ. ಯಾರು ಸೇರಬೇಕು, ಸೇರಿ ಏನು ಮಾಡಬೇಕು ಎಂಬುದಕ್ಕೆ ಸಲಹೆ ಇಲ್ಲ.

ನ್ಯೂಯಾರ್ಕಿನ ಪೇಟೆ ತೆರೆಯುವಾಗ ನಮ್ಮಲ್ಲಿ ಸಂಜೆ ಏಳೋ ಎಂಟೋ ಆಗಿರುತ್ತದೆ. ಅವತ್ತಿನ ಅಂಕಿಗೆ ಕಾದರೆ ಭಾರತದವನು ರಾತ್ರಿ ಊಟ ಬಿಟ್ಟು ಹೊಲ ಹುಡುಕಬೇಕು. ಹಾಗಾಗಿ ನಮ್ಮಂಥ ಪೂರ್ವದವರಿಗೆ ಹಿಂದಿನ ದಿನದ ಅಂಕಿ ಸಾಕೆಂಬ ರಿಯಾಯಿತಿ ಉಂಟು. ಶುಕ್ರವಾರ ರಾತ್ರಿ ಪಲ್ಯ ಬಡಿಸಿಕೊಳ್ಳುವಾಗಲೇ ಶನಿವಾರದ ಹಣೆಬರಹ ಫೋನಿನಲ್ಲಿ ಮೂಡಿರುತ್ತದೆ.

ಒಂದು ಡಿಗ್ರಿಗೆ ಒಂದು ಡಿಗ್ರಿಯ ಚೌಕದಲ್ಲಿ ಒಂದೇ ಬಿಂದು. ನಮ್ಮ ಅಕ್ಷಾಂಶದಲ್ಲಿ ಆ ಚೌಕ ಸುಮಾರು 111 ಕಿಲೋಮೀಟರಿಗೆ 108. ಬೆಂಗಳೂರಿಗರ ಕಷ್ಟವೆಂದರೆ 13ನೆಯ ಅಕ್ಷಾಂಶ ನೇರವಾಗಿ ಮಲ್ಲೇಶ್ವರವನ್ನು ಸೀಳಿಕೊಂಡು ಹೋಗುತ್ತದೆ. ಅಲ್ಲಿ ಒಂದು ಅಡ್ಡರಸ್ತೆಯವರು ಹೊಸೂರು, ಮಲೆ ಮಹದೇಶ್ವರ ಬೆಟ್ಟದವರ ಜೊತೆ ಒಂದು ಚೌಕ. ಮುಂದಿನ ಅಡ್ಡರಸ್ತೆಯವರು ತುಮಕೂರು, ಹಿಂದೂಪುರದವರ ಜೊತೆ ಇನ್ನೊಂದು. ಇದೇ ಗೆರೆ ಪಶ್ಚಿಮಕ್ಕೆ ಸಾಗಿ ಮಾಗಡಿ ತಾಲ್ಲೂಕನ್ನೂ ಎರಡು ಹೋಳು ಮಾಡುತ್ತದೆ. ಮಾಗಡಿ ಪಟ್ಟಣ ಹನ್ನೆರಡಕ್ಕೆ, ಗುಡೇಮಾರನಹಳ್ಳಿ ಹದಿಮೂರಕ್ಕೆ. ಪಾಲುಪಟ್ಟಿಯಲ್ಲಿ ಹೀಗೆ ಗೆರೆ ಎಳೆದಿದ್ದರೆ ನಮ್ಮ ಕಡೆ ಮೂರು ತಲೆಮಾರು ಕೇಸು ನಡೆಯುತ್ತಿತ್ತು.

ಆ ಶುಕ್ರವಾರ ಬಿಂದು ಬಿದ್ದದ್ದು ಗುಡೇಮಾರನಹಳ್ಳಿಯ ಪಕ್ಕದಲ್ಲಿ. ದಶಾಂಶ ಎಲ್ಲ ಚೌಕಗಳಿಗೂ ಒಂದೇ ಆದ್ದರಿಂದ ಅಂದು ಗುಡೇಮಾರನಹಳ್ಳಿಗೆ ದೂರದ ದಾಯಾದಿಗಳೂ ಇದ್ದರು. ಉತ್ತರಕ್ಕೆ ಒಂದು ಡಿಗ್ರಿ ಹೋದರೆ ಪಾವಗಡದ ಆಸುಪಾಸು, ಪೂರ್ವಕ್ಕೆ ಕೋಲಾರದ ಹತ್ತಿರ, ಪಶ್ಚಿಮಕ್ಕೆ ಹಾಸನದ ಕಡೆ, ದಕ್ಷಿಣಕ್ಕೆ ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಿಕ್ಕು. ಕೊಳ್ಳೇಗಾಲದ ಕಡೆ ಒಂದು ಹೊಲದ ನಡುವೆ ಸುಮ್ಮನೆ ನಿಂತು ಬಂದೆ ಎಂದಿದ್ದರೆ ಮನೆಯಲ್ಲಿ ನಿಂಬೆಹಣ್ಣು ಇಳಿಸದೆ ಒಳಗೆ ಬಿಡುತ್ತಿರಲಿಲ್ಲ. ಗುಡೇಮಾರನಹಳ್ಳಿಯೇ ವಾಸಿ. ಹೆಂಡತಿ ಕೇಳಿದಳು, “ಅಲ್ಲಿ ಏನಿದೆ?” ಏನೂ ಇಲ್ಲ ಎಂದೆ. “ಏನೂ ಇಲ್ಲದ್ದನ್ನು ನೋಡೋಕೆ ಅಷ್ಟು ದೂರ ಯಾಕೆ, ಅಡುಗೆಮನೆ ಸಿಲಿಂಡರ್ ಇದೆ, ಅದನ್ನೇ ನೋಡಿ” ಎಂದಳು.

ಮಾಗಡಿ ರಸ್ತೆಯಲ್ಲಿ ಬೆಳಗಿನ ಜಾವ ಸೈಕಲ್ ತುಳಿಯುವುದು ಸುಖ. ತಾವರೆಕೆರೆ ದಾಟುವವರೆಗೆ ಬೆಂಗಳೂರು ಬೆನ್ನು ಬಿಡುವುದಿಲ್ಲ, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಬಿಡುತ್ತದೆ. ಎಡಕ್ಕೆ ಸಾವನದುರ್ಗದ ಹೆಬ್ಬಂಡೆ ಏಳುತ್ತದೆ. ಕೆಂಪೇಗೌಡರ ವಂಶದವರು ಆಳಿದ ಮಾಗಡಿಯಲ್ಲಿ ಇಡ್ಲಿ ತಿಂದು ಉತ್ತರಕ್ಕೆ ತಿರುಗಿದರೆ ಗುಡೇಮಾರನಹಳ್ಳಿಯ ರಸ್ತೆ. ಸ್ವಲ್ಪ ದೂರ ಹೋದ ಮೇಲೆ ಫೋನಿನಲ್ಲಿ 12.9999 ಇದ್ದದ್ದು 13.0000 ಆಯಿತು. ಭೂಗೋಳದ ಅಷ್ಟು ದೊಡ್ಡ ಗೆರೆ ಹಾಯುವ ಜಾಗದಲ್ಲಿ ಒಂದು ಹೊಂಗೆಮರ, ಅದರ ಬುಡಕ್ಕೆ ಕಟ್ಟಿದ ಒಂದು ಎಮ್ಮೆ. ಎಮ್ಮೆಯ ಮುಖ ಹನ್ನೆರಡರಲ್ಲಿ, ಬಾಲ ಹದಿಮೂರರಲ್ಲಿ. ಅದು ಎರಡೂ ಕಡೆಯ ಹುಲ್ಲನ್ನು ಭೇದವಿಲ್ಲದೆ ಮೇಯುತ್ತಿತ್ತು.

ದಿಕ್ಕಿನ ವಿಷಯದಲ್ಲಿ ನಮ್ಮ ಸರ್ಕಾರವೂ ಆ ಎಮ್ಮೆಯಷ್ಟೇ ಉದಾರಿ. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಮಾಗಡಿ ತಾಲ್ಲೂಕಿನ ಈ ಮೂಲೆಯೋ ವಿಧಾನಸೌಧಕ್ಕಿಂತ ಉತ್ತರದಲ್ಲಿದೆ. ನಾನು ಉತ್ತರಕ್ಕೆ ತುಳಿದಷ್ಟೂ ಬೆಂಗಳೂರು ದಕ್ಷಿಣ ಮುಗಿಯಲೇ ಇಲ್ಲ.

ಬಿಂದುವಿನ ಹತ್ತಿರ ಬಂದ ಮೇಲೆ ಸೈಕಲ್ಲನ್ನು ಬದುವಿಗೆ ಒರಗಿಸಿ ಫೋನ್ ಹಿಡಿದು ಹೊಲಕ್ಕಿಳಿದೆ. ಎಂಟು ಮೀಟರ್, ಐದು ಮೀಟರ್, ಮತ್ತೆ ಒಂಬತ್ತು. ನೀಲಿ ಚುಕ್ಕೆ ನಿಂತಲ್ಲಿ ನಿಲ್ಲದು. ಅದನ್ನು ಹಿಂಬಾಲಿಸಿ ಎರಡು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಹಿಂದಕ್ಕೆ ಇಡುತ್ತ ಹೋದರೆ ಅದು ನನ್ನನ್ನು ಕರೆದೊಯ್ದು ಒಂದು ರಾಗಿಹುಲ್ಲಿನ ಮೆದೆಯ ಮುಂದೆ ನಿಲ್ಲಿಸಿತು. ಬಿಂದು ಮೆದೆಯ ಒಳಗಿತ್ತು. ಅಚ್ಚುಕಟ್ಟಾಗಿ ಒಟ್ಟಿದ ಮೆದೆ, ನೆತ್ತಿಗೆ ನೀಲಿ ಟಾರ್ಪಾಲು, ಟಾರ್ಪಾಲು ಹಾರದಂತೆ ಹಗ್ಗಕ್ಕೆ ಕಟ್ಟಿದ ಹಳೆಯ ಟೈರು, ಟೈರಿನೊಳಗೆ ಮೊಟ್ಟೆಯಿಟ್ಟು ಕೂತ ಕೋಳಿ. ನಾನು ಮೆದೆಗೆ ಪ್ರದಕ್ಷಿಣೆ ಹಾಕತೊಡಗಿದೆ. ಕೋಳಿ ನನ್ನ ಜೊತೆಗೇ ಕತ್ತು ತಿರುಗಿಸತೊಡಗಿತು.

“ಯಾರ್ ಕಡೆಯೋರು ಸ್ವಾಮಿ?”

ಹೊಲದ ಯಜಮಾನರು. ಹೆಗಲ ಮೇಲೆ ಟವಲ್ಲು, ಕೈಯಲ್ಲಿ ಕುಡುಗೋಲು. ಯಾರ ಕಡೆಯವನೂ ಅಲ್ಲ ಎಂದೆ. ಇಂಥ ಉತ್ತರವನ್ನು ನಂಬುವವರು ಈ ಸೀಮೆಯಲ್ಲಿ ಬದುಕುವುದು ಕಷ್ಟ.

“ಸರ್ವೇನಾ?”

ಅಲ್ಲ.

“ರಿಂಗ್ ರೋಡಾ? ಹೇಮಾವತಿ ಪೈಪಾ?”

ಅವರ ಅನುಮಾನದಲ್ಲಿ ನ್ಯಾಯವಿತ್ತು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಉಕ್ಕಿನ ಸರಪಳಿ ಎಳೆಸಿ ನೆಲ ಅಳೆದ ಲಾಗಾಯ್ತಿನಿಂದ, ಈ ಕಡೆ ಹೊಲದಲ್ಲಿ ಯಂತ್ರ ಹಿಡಿದು ನಿಂತವನು ಯಾರೂ ಸುಮ್ಮನೆ ನಿಂತವನಲ್ಲ. ಸ್ಯಾಟಲೈಟ್ ಟೌನ್ ರಿಂಗ್ ರೋಡಿನ ನಕಾಶೆ ಮಾಗಡಿ, ರಾಮನಗರ, ಕನಕಪುರಗಳನ್ನು ಬಳಸಿಕೊಂಡು ಬಂದ ಮೇಲಂತೂ ಫೋನ್ ನೋಡುತ್ತ ಹಿಂದಕ್ಕೆ ಹೆಜ್ಜೆ ಇಡುವವರನ್ನು ಕಂಡರೆ ಜನ ಮೊದಲು ಪಹಣಿ ಹುಡುಕುತ್ತಾರೆ. ಅದರ ಮೇಲೆ ನಾನು ಚಡ್ಡಿ ತೊಟ್ಟು, ಹೆಲ್ಮೆಟ್ ಹಾಕಿ, ಸೈಕಲ್ಲಿನಲ್ಲಿ ಬಂದಿದ್ದೆ. ಕಾರಿನಲ್ಲಿ ಬರುವವನು ಬ್ರೋಕರ್ ಎಂದು ಗೊತ್ತು. ಬೆಂಗಳೂರಿನಿಂದ ಸೈಕಲ್ಲಿನಲ್ಲಿ ಬಂದವನು ಎಂಥ ಆಳದ ಆಸಾಮಿಯೋ!

ಬೇರೆ ದಾರಿ ಕಾಣದೆ ನಿಜವನ್ನೇ ಹೇಳಿದೆ. ಅಮೆರಿಕದಲ್ಲಿ ಷೇರಿನ ರೇಟು ಬರುತ್ತದೆ, ಅದಕ್ಕೆ ತಾರೀಕು ಸೇರಿಸಿ ಲೆಕ್ಕ ಹಾಕಿದರೆ ಒಂದು ಜಾಗ ಸಿಗುತ್ತದೆ, ಇವತ್ತು ಅದು ನಿಮ್ಮ ಮೆದೆಯ ಮೇಲೆ ಬಿದ್ದಿದೆ, ಅಷ್ಟೇ. ಮನೆಯಲ್ಲಿ, ಆಫೀಸಿನಲ್ಲಿ ಇದನ್ನು ಹೇಳಿ ಯಾರನ್ನೂ ಒಪ್ಪಿಸಲು ನನ್ನಿಂದ ಆಗಿಲ್ಲ. ಯಜಮಾನರು ಒಂದೇ ಸಲಕ್ಕೆ ಅರ್ಥ ಮಾಡಿಕೊಂಡರು.

“ಅಂದ್ರೆ, ಅಲ್ಲೆಲ್ಲೋ ರೇಟು ಕೂಗಿದ್ರೆ ಇಲ್ಲಿ ನಮ್ ಹೊಲಕ್ಕೆ ಬಂದು ಬೀಳ್ತದೆ. ಇದ್ರಾಗೆ ಹೊಸದೇನದೆ? ಚೀನಾದಿಂದ ರೇಷ್ಮೆ ಬಂದ್ರೆ ರಾಮನಗರ ಮಾರ್ಕೆಟ್ಟಲ್ಲಿ ನಮ್ ಗೂಡಿನ ರೇಟು ಬೀಳಲ್ವಾ? ಹಂಗೇ.”

ಗೂಡು ಬಿಡಿಸಿ, ಬುಟ್ಟಿಗೆ ತುಂಬಿ, ರಾತ್ರೋರಾತ್ರಿ ರಾಮನಗರಕ್ಕೆ ಸಾಗಿಸಿ, ಹರಾಜಿನಲ್ಲಿ ಏನು ಬರುತ್ತದೋ ಎಂದು ಕಾದು ಕೂತವರಿಗೆ ಡೌ ಜೋನ್ಸ್ ಎಂಬುದು ಇನ್ನೊಂದು ಊರಿನ ಮಾರ್ಕೆಟ್ಟು ಮಾತ್ರ. ನಾನು ಹವ್ಯಾಸಕ್ಕೆ ಹುಡುಕಿಕೊಂಡು ಹೋಗುವ ಆಕಸ್ಮಿಕ ಅವರ ಮನೆಗೆ ತಾನಾಗಿಯೇ ಬರುತ್ತದೆ, ಸೈಕಲ್ ತುಳಿಯುವ ಅಗತ್ಯವಿಲ್ಲ. ಮಜ್ಜಿಗೆ ತರಿಸಿಕೊಟ್ಟರು. ಹೊರಡುವಾಗ ಧ್ವನಿ ತಗ್ಗಿಸಿ, “ಮುಂದಿನ ವಾರ ನಮ್ ಬೀಗರ ಹೊಲಕ್ಕೆ ಬೀಳಂಗೆ ಮಾಡ್ಸಿ. ಅವ್ರಿಗೂ ಒಸಿ ಗಾಬರಿ ಆಗ್ಲಿ” ಎಂದರು. ಅದು ನನ್ನ ಕೈಯಲ್ಲಿಲ್ಲ ಎಂದೆ. ಎಲ್ಲ ಆಫೀಸಿನವರೂ ಹೇಳುವುದು ಅದನ್ನೇ ಎಂಬಂತೆ ತಲೆಯಾಡಿಸಿದರು.

ಅಲ್ಲಿಂದ ಹೆದ್ದಾರಿಗೆ ಬಂದು ಟೀ ಅಂಗಡಿಯೊಂದರ ಮುಂದೆ ಸೈಕಲ್ ನಿಲ್ಲಿಸಿದೆ. ನನಗಿಂತ ಮೊದಲು ಸುದ್ದಿ ಬಂದು ಬೆಂಚಿನ ಮೇಲೆ ಕೂತಿತ್ತು. ಕಾರಣವಿಲ್ಲದೆ ಒಬ್ಬ ಬಂದುಹೋದ ಎಂಬುದನ್ನು ಊರು ಎಷ್ಟು ಹೊತ್ತು ತಾನೇ ಸಹಿಸೀತು? ಪಕ್ಕದಲ್ಲಿದ್ದವರು ಗ್ಲಾಸು ಕೆಳಗಿಟ್ಟು, ನನ್ನ ಕಿವಿಯ ಹತ್ತಿರ ಬಾಗಿದರು.

“ಸಾರ್, ಬೆಂಗಳೂರಿಂದ ಬಂದಂಗದೆ. ನಿಮಗೆ ಅಂತ ಹೇಳ್ತೀನಿ. ಬೆಳಿಗ್ಗೆ ಅಮೆರಿಕ ಕಂಪನಿಯೋರು ಬಂದು ಇಲ್ಲೊಂದು ಮೆದೆ ಅಳ್ಕೊಂಡು ಹೋಗವ್ರೆ. ಎಕರೆಗೆ ಈಗಲೇ ಹತ್ತು ಲಕ್ಷ ಏರದೆ. ಪಕ್ಕದಲ್ಲೇ ಒಂದು ಥರ್ಟಿ ಫಾರ್ಟಿ ಅದೆ. ಸೋಮವಾರದೊಳಗೆ ಹೇಳಿ.”

ಅಡ್ವಾನ್ಸ್ ಎಷ್ಟು ಎಂದು ಕೇಳಿದೆ.