ಕಂಪೆನಿ ಬೇರೆ

ಮಳೆಗಾಲಕ್ಕೆ ಮೊದಲು ಒಡೆದ ಹಂಚು ಬದಲಿಸೋಣವೆಂದು ಏಣಿ ಇಡಿಸಿದ್ದೆ. ಮಾಡಿನ ಮೇಲಿದ್ದ ಕೆಲಸದವ ಹೊಸ ಹಂಚನ್ನು ರೀಪಿನ ಮೇಲೆ ಅತ್ತಿತ್ತ ಸರಿಸಿ, "ಇದು ಕೂರುದಿಲ್ಲ, ಕಂಪೆನಿ ಬೇರೆ" ಎಂದ. ಹಳೆಯದರ ಬೆನ್ನ ಮೇಲೆ ಹೆಸರಿತ್ತು. ಆ ಹೆಸರಿನ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ. ಬಾಸೆಲ್ ಮಿಶನ್‌ನವರು 1865ರಲ್ಲೇ ಹಂಚು ಸುಡಲು ತೊಡಗಿದ ಮಂಗಳೂರಿನಲ್ಲಿ ನನಗೊಂದು ಹಂಚಿಗೆ ಬರ!

ಪಾಗಾರದಾಚೆಯಿಂದ ಶೆಟ್ರು ಕತ್ತು ನೀಡಿದರು. "ನಮ್ಮ ಹುಡುಗನ ಕಥೆಯೂ ಇದುವೇ ಮಾರಾಯ್ರೆ. ಆ್ಯಪ್ ಒಮ್ಮೆ ಬರೆದರೆ ಆಂಡ್ರಾಯ್ಡಿಗೂ ಆಯ್ತು, ಐಫೋನಿಗೂ ಆಯ್ತು ಅಂತ ಫ್ಲಟರ್ ಕಲಿತ. ಫ್ಲಟರ್ ಏನೋ ಪುಕ್ಕಟೆ. ಆದರೆ ಐಫೋನಿನ ಆ್ಯಪ್ ಕಟ್ಟುವ ಎಕ್ಸ್‌ಕೋಡ್ ಓಡುದು ಮ್ಯಾಕ್‌ನಲ್ಲಿ ಮಾತ್ರ. ಆಪಲ್‌ನ ಅಂಗಡಿಯಲ್ಲಿ ಇಡ್ಲಿಕ್ಕೆ ವರ್ಷಕ್ಕೆ 99 ಡಾಲರ್. ಗೂಗಲ್‌ನಲ್ಲಿ ಒಮ್ಮೆ 25 ಕೊಟ್ಟರೆ ಮುಗೀತು."

"ಹಾಗಾದರೆ ಬೀಗ ಹಾಕಿದ ಸಾಮಾನೇ ಬೇಡ ಅನ್ನಿ."

"ಹಾಗೆ ಹೇಳ್ಲಿಕ್ಕೂ ಆಗುದಿಲ್ಲ. ದುಡ್ಡು ಕೊಟ್ಟದ್ದು ಹಾಳಾದರೆ ಬೈಲಿಕ್ಕೆ ಒಬ್ಬ ಉಂಟು. ಪುಕ್ಕಟೆದ್ದಕ್ಕೆ ನಾವೇ ಮೇಸ್ತ್ರಿ, ನಾವೇ ಕೂಲಿ. ಆದರೆ ಆ ಬೈಸಿಕೊಳ್ಳುವವನೇ ಅಂಗಡಿ ಮುಚ್ಚಿದರೆ? ನಾನು ಹಿಂದೆ ಲೆಕ್ಕಕ್ಕೊಂದು ಪ್ರೋಗ್ರಾಮ್ ಬರೆದಿದ್ದೆ. ಬರೆದ ಸಲಕರಣೆಯನ್ನೇ ಕಂಪೆನಿ ಕೈಬಿಟ್ಟಿತು. ಪ್ರೋಗ್ರಾಮ್ ನನ್ನದು, ಒಯ್ಯಲಿಕ್ಕೆ ಜಾಗ ಇಲ್ಲ."

ನನಗೆ ಕಿನ್ನಿಕಂಬಳದ ಕೆ.ಪಿ. ರಾವ್ ನೆನಪಾದರು. ಕೆ ಗುಂಡಿ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ: ಅಷ್ಟು ಸಲೀಸಾದ ಅವರ ಕನ್ನಡ ಕೀಲಿಮಣೆ ವಿನ್ಯಾಸವನ್ನೇ ಸರಕಾರ ಒಪ್ಪಿತು. 'ನುಡಿ' ತಂತ್ರಾಂಶದಲ್ಲಿ ಅದೇ, ಲಿನಕ್ಸಿನಲ್ಲಿ 'ಕಗಪ' ಎಂಬ ಹೆಸರಲ್ಲಿ ಅದೇ, ಫೋನಿನಲ್ಲೂ ಅದೇ. ಬೆರಳಿಗೆ ಒಮ್ಮೆ ಹತ್ತಿದರೆ ಯಂತ್ರ ಯಾವುದಾದರೇನು? ಆದರೆ ಅದೇ ಬೆರಳು ಯೂನಿಕೋಡಿಗೆ ಮೊದಲಿನ ಫಾಂಟಿನಲ್ಲಿ ಕುಟ್ಟಿದ ಕಡತವನ್ನು, ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡವೆಲ್ಲ ಕಾಗೆಕಾಲು ಗುಬ್ಬಿಕಾಲು.

"ಅಂದರೆ ಗೆದ್ದದ್ದು ಕಂಪೆನಿಯಲ್ಲ, ಎಲ್ಲರೂ ಒಪ್ಪಿದ ಅಳತೆ," ಎಂದೆ.

"ಒಪ್ಪಬೇಕಲ್ಲ ಮಾರಾಯ್ರೆ! ಒಪ್ಪಿದರೆ ಹಂಚು ಮಾರುವವನಿಗೆ ಎಂತ ಲಾಭ?"

ಅಷ್ಟರಲ್ಲಿ ಮೇಲಿನಿಂದ ದನಿ: "ಮೂಲೆ ಸ್ವಲ್ಪ ಕೆತ್ತಿ ಕೂರಿಸ್ಲಾ?"

ಶೆಟ್ರು ನಕ್ಕರು. "ನಮ್ಮವನೂ ರಾತ್ರಿಯಿಡೀ ಮಾಡುದು ಅದನ್ನೇ. ಬಾಯಲ್ಲಿ ಒಂದೇ ಕೋಡ್. ಕೂತು ನೋಡಿದರೆ ಒಂದೊಂದು ಫೋನಿಗೆ ಒಂದೊಂದು ಮೂಲೆ ಕೆತ್ತುದು."

"ಕೆತ್ತಪ್ಪ," ಎಂದೆ. "ಸೋರದಿದ್ದರೆ ಸಾಕು."